ಎಷ್ಟು ಇಂಚು ಬಂತು?

ನಮ್ಮ ಕಡೆ ಮಳೆಗಾಲದಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳುವುದು ‘ಎಷ್ಟು ಇಂಚು ಬಂತು?’ ಅಂತ. ಪೇಪರಿನಲ್ಲಿ ಮಿಲಿಮೀಟರ್ ಲೆಕ್ಕ ಬಂದು ಎಷ್ಟೋ ಕಾಲವಾಯಿತು. ಕೊಡಗಿನ ತೋಟದವರ ಬಾಯಲ್ಲಿ ಮಾತ್ರ ಮಳೆ ಇನ್ನೂ ಇಂಚು, ಸೆಂಟ್ ಲೆಕ್ಕದಲ್ಲೇ ಇದೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ನಮ್ಮ ಅಂಗಳದ ಮೂಲೆಯಲ್ಲೂ ಒಂದು ಮಳೆ ಮಾಪಕ ಇದೆ. ಮಾವ ಮಿಲಿಟರಿಯಿಂದ ಸುಬೇದಾರ್ ಆಗಿ ನಿವೃತ್ತಿಯಾಗಿ ಬಂದ ವರ್ಷ ಅದನ್ನು ಇಟ್ಟರಂತೆ. ಬೆಳಿಗ್ಗೆ ಎಂಟು ಗಂಟೆಗೆ ಕೊಡೆ ಹಿಡಿದು ಹೋಗುತ್ತಾರೆ. ಒಳಗಿನ ನೀರನ್ನು ಅಳತೆ ಗ್ಲಾಸಿಗೆ ಸುರಿಯುತ್ತಾರೆ. ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಾರೆ. ಬಂದು ಡೈರಿಯಲ್ಲಿ ಬರೆಯುತ್ತಾರೆ. ತಾರೀಕು, ಅದರ ಮುಂದೆ ಒಂದು ಸಂಖ್ಯೆ. ‘ಒಳ್ಳೆ ಮಳೆ’, ‘ಹಾಳು ಮಳೆ’ ಅಂತ ಒಂದು ಮಾತೂ ಇಲ್ಲ.

ಆ ಡೈರಿಯಲ್ಲಿ 2018ರ ಆಗಸ್ಟ್ 17ರಿಂದ ಹನ್ನೊಂದು ದಿನ ಖಾಲಿ ಇದೆ.

ಆ ವಾರ ಏನಾಯಿತು ಅಂತ ಕರ್ನಾಟಕಕ್ಕೆಲ್ಲ ಗೊತ್ತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ, ಒಂದೊಂದು ಕಡೆಯಿಂದಲೂ ಗುಡ್ಡ ಜಾರಿದ ಸುದ್ದಿ. ನಾವಿರುವುದು ಮಾದಾಪುರದ ಹತ್ತಿರ. ನಮ್ಮ ಮನೆ ಉಳಿಯಿತು. ಮನೆಯ ಹಿಂದಿನ ಎರಡು ಎಕರೆ ಕಾಫಿ ಉಳಿಯಲಿಲ್ಲ. ರಾತ್ರಿ ಒಂದು ಸದ್ದು ಬಂತು. ಗುಡುಗಿನ ಹಾಗಲ್ಲ. ಲಾರಿಯಿಂದ ಕಲ್ಲು ಸುರಿದ ಹಾಗೆ, ಆದರೆ ನಿಲ್ಲದ ಹಾಗೆ. ಬೆಳಿಗ್ಗೆ ನೋಡಿದರೆ ಸಿಲ್ವರ್ ಮರಗಳೆಲ್ಲ ಬೇರು ಮೇಲೆ ಮಾಡಿ ಕೆಳಗಿನ ಗದ್ದೆಯಲ್ಲಿ ಮಲಗಿದ್ದವು. ಹನ್ನೊಂದು ದಿನ ಪರಿಹಾರ ಕೇಂದ್ರದಲ್ಲಿ ಇದ್ದೆವು. ಅಲ್ಲಿ ನಾನು ಚೆನ್ನಾಗಿಯೇ ಇದ್ದೆ. ಅನ್ನ ಬಡಿಸಿದೆ, ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳಿದೆ, ಅರ್ಜಿ ಬರೆದುಕೊಟ್ಟೆ. ‘ಟೀಚರ್ ಎಷ್ಟು ಗಟ್ಟಿ’ ಅಂತ ಎಲ್ಲರೂ ಅಂದರು.

ಬಿದ್ದದ್ದು ಮುಂದಿನ ವರ್ಷ. 2019ರ ಜೂನ್ ಕೊನೆ. ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಶೀಟಿನ ಮೇಲೆ ಮಳೆ ಒಂದೇ ಸಲ ಸುರಿಯಿತು. ಎದೆ ಢವಢವ ಅಂತು, ಕೈ ಜುಮ್ಮೆಂದಿತು, ಉಸಿರು ಮೇಲೆಯೇ ನಿಂತಿತು. ಸತ್ತೇ ಹೋಗುತ್ತೇನೆ ಅಂತ ಅನ್ನಿಸಿತು. ಇಸಿಜಿ ಮಾಡಿಸಿದರು, ಸರಿ ಇತ್ತು. ಥೈರಾಯ್ಡ್ ನೋಡಿದರು, ಸರಿ ಇತ್ತು. ರಕ್ತ ಸ್ವಲ್ಪ ಕಡಿಮೆ, ಅದಕ್ಕೆ ಟಾನಿಕ್. ‘ಏನಿಲ್ಲ, ಬರೀ ಟೆನ್ಶನ್’ ಅಂದರು. ಆ ‘ಏನಿಲ್ಲ’ ಅನ್ನುವ ಮಾತು ಎಷ್ಟು ಭಾರ ಅಂತ ಅದನ್ನು ಕೇಳಿಸಿಕೊಂಡವರಿಗೇ ಗೊತ್ತು. ಏನಿಲ್ಲ ಅಂದಮೇಲೆ ತಪ್ಪು ನನ್ನದೇ ಅಂತಾಯಿತು, ಅಲ್ವಾ? ಅದೂ ನಮ್ಮ ಊರಿನಲ್ಲಿ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಮಣ್ಣು ಅಂತ ಹೇಳಿಕೊಂಡು ಬೆಳೆದವರು ನಾವು. ಇಲ್ಲಿ ಧೈರ್ಯ ಅನ್ನುವುದು ಮನೆತನದ ಆಸ್ತಿ. ಮಳೆಗೆ ಹೆದರುತ್ತೇನೆ ಅಂತ ಹೇಳುವುದಾದರೂ ಹೇಗೆ?

ಮೂರು ತಿಂಗಳು ಹೇಳಲಿಲ್ಲ. ಕೊನೆಗೆ ಜೊತೆಯ ಟೀಚರ್ ಒಬ್ಬರು ಕೈ ಹಿಡಿದು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ವೈದ್ಯರು ಮುಕ್ಕಾಲು ಗಂಟೆ ಕೇಳಿಸಿಕೊಂಡರು. ಆತಂಕದ ಕಾಯಿಲೆ, ಅದರ ಜೊತೆಗೆ ಖಿನ್ನತೆ ಶುರುವಾಗಿದೆ, ಎರಡೂ ಒಟ್ಟಿಗೆ ಬರುವುದು ಸಾಮಾನ್ಯ ಅಂದರು. ಎಸ್ಸಿಟಲೋಪ್ರಾಮ್ ಅನ್ನುವ ಮಾತ್ರೆ ಬರೆದುಕೊಟ್ಟರು. ‘ಮೊದಲ ವಾರ ಹೊಟ್ಟೆ ತೊಳಸಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಷ್ಟರಲ್ಲಿ ಬಿಡಬೇಡಿ’ ಅಂದರು. ಹಾಗೆಯೇ ಆಯಿತು. ಹೊಟ್ಟೆ ತೊಳಸಿತು. ಮೂರನೇ ವಾರ ಒಂದು ದಿನ ಬೆಳಿಗ್ಗೆ ಎದ್ದಾಗ ಕಾಫಿಯ ವಾಸನೆ ಮೂಗಿಗೆ ಬಂತು. ಅಷ್ಟು ದಿನ ಅದು ಬರುತ್ತಿರಲಿಲ್ಲ ಅಂತ ಆಗಲೇ ಗೊತ್ತಾಗಿದ್ದು.

ಇಲ್ಲಿಗೆ ನಿಂತಿದ್ದರೆ ಈ ಬರಹವೇ ಬೇಕಿರಲಿಲ್ಲ. 2020ರ ಫೆಬ್ರವರಿಯಲ್ಲಿ ಪರಿಚಯದವರು ಒಂದು ರೆಸಾರ್ಟಿನಲ್ಲಿ ನಡೆಯುವ ಮೂರು ದಿನದ ಧ್ಯಾನ ಶಿಬಿರಕ್ಕೆ ಕರೆದರು. ಮೈಂಡ್‌ಫುಲ್‌ನೆಸ್ ಅನ್ನುವ ಪದವನ್ನು ನಾನು ಮೊದಲು ಕೇಳಿದ್ದು ಅಲ್ಲೇ. ಈ ಹೊತ್ತಿನಲ್ಲಿ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವುದು ಅಂತ ಅದರ ಅರ್ಥ. ಜಾಗ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು, ಮೂರು ದಿನ ಮನಸ್ಸು ಹಗುರವಾಗಿತ್ತು. ಕೊನೆಯ ದಿನ ಹೇಳಿಕೊಡುವವರು ಎಲ್ಲರ ಎದುರು, ‘ಮಾತ್ರೆ ಹೊರಗಿನದು, ಉಸಿರು ಒಳಗಿನದು, ಇನ್ನು ನಿಮಗೆ ಮಾತ್ರೆ ಯಾಕೆ?’ ಅಂದರು. ಕೇಳಲು ಎಷ್ಟು ಹಿತವಾದ ಮಾತು. ನಾನು ಮಾರನೇ ದಿನವೇ ನಿಲ್ಲಿಸಿಬಿಟ್ಟೆ.

ನಾಲ್ಕನೇ ದಿನಕ್ಕೆ ತಲೆ ಸುತ್ತು. ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಈ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಹೀಗಾಗುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು ಅಂತ ನನಗೆ ಆಮೇಲೆ ತಿಳಿಯಿತು. ಎರಡು ವಾರದಲ್ಲಿ ಅದು ಹೋಯಿತು. ಗೆದ್ದೆ ಅಂದುಕೊಂಡೆ. ಲಾಕ್‌ಡೌನ್ ಬಂತು, ಶಾಲೆ ಮುಚ್ಚಿತು, ಮಳೆಗಾಲ ಹತ್ತಿತು. ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಹೋಯಿತು. ಈ ಸಲ ನನಗೆ ಗಾಬರಿ ಬರಲಿಲ್ಲ. ಏನೂ ಬರಲಿಲ್ಲ. ಅಳುವೂ ಇಲ್ಲ. ಸ್ನಾನಕ್ಕೆ ಏಳುವುದೇ ಒಂದು ಬೆಟ್ಟ ಹತ್ತಿದ ಹಾಗೆ. ಉಸಿರನ್ನು ಗಮನಿಸಲು ಕೂತರೆ, ‘ಇದೂ ನಿನಗೆ ಬರೋದಿಲ್ಲ’ ಅನ್ನುವ ಮಾತೇ ಕಿವಿಯೊಳಗೆ. ಯಜಮಾನರು ಕಾರಿನಲ್ಲಿ ಕೂರಿಸಿಕೊಂಡು ಅದೇ ವೈದ್ಯರ ಹತ್ತಿರ ಹೋದರು.

ಅವರು ಬೈಯಲಿಲ್ಲ. ‘ಮಾತ್ರೆ ಬಿಡಲೇಬಾರದು ಅಂತ ನಾನು ಯಾವತ್ತೂ ಹೇಳಿಲ್ಲಮ್ಮ. ಇಬ್ಬರೂ ಕೂತು ಇಳಿಸೋಣ ಅಷ್ಟೇ’ ಅಂದರು. ಶಿಬಿರದ ವಿಷಯ ಹೇಳಿದೆ. ಅವರು ಧ್ಯಾನ ಕೆಟ್ಟದ್ದು ಅನ್ನುತ್ತಾರೆ ಅಂದುಕೊಂಡಿದ್ದೆ. ಹಾಗೆ ಅನ್ನಲಿಲ್ಲ. ‘ಅದು ಒಳ್ಳೆಯದೇ. ಈಗಲ್ಲ. ಮೊದಲು ನಿದ್ದೆ ಬರಲಿ, ಊಟ ಸೇರಲಿ. ಆಮೇಲೆ ನಾನೇ ಕಳಿಸುತ್ತೇನೆ, ಸರಿಯಾಗಿ ಕಲಿಸುವವರ ಹತ್ತಿರ’ ಅಂದರು.

ಆ ‘ಈಗಲ್ಲ’ ಅನ್ನುವುದಕ್ಕೆ ಎಷ್ಟು ಅರ್ಥವಿತ್ತು ಅಂತ ಓದುತ್ತಾ ಹೋದಮೇಲೆ ಗೊತ್ತಾಯಿತು. ಟೀಚರ್ ಬುದ್ಧಿ, ಎಲ್ಲದರ ಮೂಲ ಹುಡುಕುವುದು. 1979ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಅನ್ನುವವರು ಮೈಂಡ್‌ಫುಲ್‌ನೆಸ್ ಕಲಿಸುವ, ಈಗ ಎಂಟು ವಾರ ನಡೆಯುವ ತರಗತಿಯನ್ನು ಶುರು ಮಾಡಿದರು. ಬಂದವರು ಮನಸ್ಸಿನ ಕಾಯಿಲೆಯವರಲ್ಲ, ಹೆಚ್ಚಿನವರು ಬಹಳ ಕಾಲದ ನೋವಿನಿಂದ ಬಳಲಿದವರು. ವೈದ್ಯರು ‘ಇನ್ನೇನೂ ಮಾಡಲಾಗದು’ ಅಂದವರು. ನೋವನ್ನು ಓಡಿಸುವುದಲ್ಲ, ನೋವಿನ ಜೊತೆ ಇರುವ ರೀತಿ ಬದಲಾಯಿಸುವುದು ಅವರ ಪಾಠ. ಮುಂದೆ 1990ರ ದಶಕದಲ್ಲಿ ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ಅದನ್ನು ಖಿನ್ನತೆಗೆ ಹೊಂದಿಸಿದರು. ಅವರ ಮುಂದಿದ್ದ ಪ್ರಶ್ನೆ ಬೇರೆ. ಖಿನ್ನತೆ ವಾಸಿಯಾಗುತ್ತದೆ, ಸರಿ. ಆದರೆ ಮತ್ತೆ ಮತ್ತೆ ಯಾಕೆ ಬರುತ್ತದೆ?

ಅವರ ಉತ್ತರ ಓದಿದಾಗ ನನಗೆ ನಮ್ಮ ತೋಟವೇ ಕಣ್ಣಮುಂದೆ ಬಂತು. ಇಳಿಜಾರಿನಲ್ಲಿ ಒಂದು ಸಲ ನೀರು ಹರಿದರೆ ಸಣ್ಣ ಕೊರಕಲು ಬೀಳುತ್ತದೆ. ಮುಂದಿನ ಮಳೆ ಅಲ್ಲೇ ಹರಿಯುತ್ತದೆ. ಎರಡು, ಮೂರು ಮಳೆಗಾಲ ಕಳೆದರೆ ಸಣ್ಣ ತುಂತುರು ಸಾಕು, ನೀರಿಗೆ ದಾರಿ ಗೊತ್ತು. ಖಿನ್ನತೆಯೂ ಹಾಗೆ. ಮೊದಲ ಸಲ ಅದು ಬರಲು ದೊಡ್ಡ ಪೆಟ್ಟು ಬೇಕು. ನಾಲ್ಕನೇ ಸಲಕ್ಕೆ ಒಂದು ಸಣ್ಣ ಬೇಜಾರು ಸಾಕು. ಬೇಜಾರಿನಿಂದ ‘ನಾನು ಕೆಲಸಕ್ಕೆ ಬಾರದವಳು’ ಅನ್ನುವಲ್ಲಿಗೆ ಮನಸ್ಸು ತಾನೇ ಹರಿದುಹೋಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ರೂಮಿನೇಶನ್ ಅನ್ನುತ್ತಾರೆ, ದನ ಮೆಲುಕು ಹಾಕುವುದಕ್ಕೆ ಇರುವ ಪದ. ಕನ್ನಡದಲ್ಲಿ ನಾವು ಮೆಲುಕು ಹಾಕುವುದು ಸಾಮಾನ್ಯವಾಗಿ ಸಿಹಿ ನೆನಪನ್ನು. ಇದು ಕಹಿ ಮೆಲುಕು. ಅಗಿದಷ್ಟೂ ಕಹಿ, ಆದರೂ ಉಗುಳಲಾಗದು.

ನೀರು ಆ ಕೊರಕಲಿಗೆ ಇಳಿಯುವ ಮೊದಲೇ ನೋಡಲು ಕಲಿಸುವುದು ಈ ತರಗತಿಯ ಕೆಲಸ. ಅದಕ್ಕೇ ಇದನ್ನು ಮೂಲತಃ ಮಾಡಿದ್ದು ಚೇತರಿಸಿಕೊಂಡವರಿಗೆ, ಮುಳುಗಿರುವವರಿಗಲ್ಲ. 2000ದಲ್ಲಿ ಬಂದ ಮೊದಲ ದೊಡ್ಡ ಅಧ್ಯಯನದಲ್ಲಿ ಒಂದು ವಿಚಿತ್ರ ಸಂಗತಿ ಕಂಡಿತು. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದವರಲ್ಲಿ, ತರಗತಿ ಇಲ್ಲದ ಗುಂಪಿನ ನೂರಕ್ಕೆ 66 ಜನರಿಗೆ ಸುಮಾರು ಒಂದು ವರ್ಷದಲ್ಲಿ ಅದು ಮರಳಿ ಬಂತು. ತರಗತಿಗೆ ಹೋದವರಲ್ಲಿ 37 ಜನರಿಗೆ. ಎರಡೇ ಸಲ ಬಂದವರಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕೊರಕಲು ಆಳವಾದವರಿಗೇ ಇದರ ಉಪಯೋಗ ಜಾಸ್ತಿ. 2016ರಲ್ಲಿ ಇಂಥ ಒಂಬತ್ತು ಅಧ್ಯಯನಗಳ 1,258 ಜನರ ಲೆಕ್ಕ ಒಟ್ಟಿಗೆ ಹಾಕಿದರು. ಮರಳಿ ಬಂದದ್ದು 49ರ ಬದಲು 38 ಜನರಿಗೆ, ನೂರರಲ್ಲಿ. ಪವಾಡ ಅಲ್ಲ. ಆದರೆ ಆ ಹನ್ನೊಂದು ಜನರಲ್ಲಿ ನಾನೂ ಒಬ್ಬಳಾಗಬಹುದು ಅಂದರೆ ನನಗೆ ಅದು ಸಣ್ಣ ಸಂಖ್ಯೆ ಅಲ್ಲ.

ಆತಂಕದ ಬಗ್ಗೆ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಹತ್ತಿರದ್ದು, ಯಾಕೆಂದರೆ ಅದರಲ್ಲಿದ್ದದ್ದು ನನ್ನದೇ ಮಾತ್ರೆ. 276 ಜನರಲ್ಲಿ ಅರ್ಧದಷ್ಟು ಮಂದಿಗೆ ಎಸ್ಸಿಟಲೋಪ್ರಾಮ್, ಉಳಿದವರಿಗೆ ಎಂಟು ವಾರದ ತರಗತಿ. ಕೊನೆಗೆ ಎರಡೂ ಗುಂಪು ಹೆಚ್ಚು ಕಡಿಮೆ ಒಂದೇ ಸಮ ಗುಣ ಕಂಡವು. ಇದನ್ನು ಓದಿ ‘ಹಾಗಾದರೆ ಮಾತ್ರೆ ಬೇಡ’ ಅಂತ ಹೊರಡುವವರಿಗೆ ನಾನು ಕೈಮುಗಿದು ಹೇಳುತ್ತೇನೆ, ಆ ತರಗತಿ ಅಂದರೆ ವಾರಕ್ಕೊಮ್ಮೆ ಎರಡೂವರೆ ಗಂಟೆ, ಮನೆಯಲ್ಲಿ ದಿನವೂ ಮುಕ್ಕಾಲು ಗಂಟೆ, ನಡುವೆ ಒಂದು ಇಡೀ ದಿನದ ಅಭ್ಯಾಸ. ಮೊಬೈಲಿನಲ್ಲಿ ಮಲಗುವ ಮುಂಚೆ ಐದು ನಿಮಿಷ ಕೊಳಲು ಕೇಳುವುದಲ್ಲ. ನಮ್ಮ ನಿಮ್ಹಾನ್ಸ್‌ನಲ್ಲೂ ಯೋಗ ಮತ್ತು ಖಿನ್ನತೆಯ ಬಗ್ಗೆ ವರ್ಷಗಟ್ಟಲೆ ಕೆಲಸ ನಡೆದಿದೆ. 2000ದಲ್ಲಿ ಅಲ್ಲಿನವರು ತೀವ್ರ ಖಿನ್ನತೆಯಿಂದ ದಾಖಲಾದ 45 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಮಾತ್ರೆ, ಒಂದಕ್ಕೆ ಸುದರ್ಶನ ಕ್ರಿಯೆ ಅನ್ನುವ ಉಸಿರಿನ ಅಭ್ಯಾಸ ಕೊಟ್ಟು ನೋಡಿದರು. ಉಸಿರಿನ ಗುಂಪು ಮಾತ್ರೆಯ ಗುಂಪಿನ ಹತ್ತಿರಕ್ಕೆ ಬಂತು. ಎಲ್ಲಕ್ಕಿಂತ ಮುಂದಿದ್ದದ್ದು ವಿದ್ಯುತ್ ಚಿಕಿತ್ಸೆ. ಅಲ್ಲಿ ಮನೋವೈದ್ಯರು, ಯೋಗ ಕಲಿಸುವವರು ಒಂದೇ ಸೂರಿನ ಕೆಳಗೆ ಇದ್ದಾರೆ. ಸಮಗ್ರ ಚಿಕಿತ್ಸೆ ಅಂದರೆ ನನ್ನ ಮಟ್ಟಿಗೆ ಇದು. ಒಬ್ಬರು ಇನ್ನೊಬ್ಬರ ಚೀಟಿಯನ್ನು ಓದುತ್ತಾರೆ.

ಚೀಟಿ ಓದದಿದ್ದರೆ ಅಪಾಯವೂ ಇದೆ. ಮನಸ್ಸಿಗೆ ಒಳ್ಳೆಯದು ಅಂತ ಆನ್‌ಲೈನಿನಲ್ಲಿ ಸಿಗುವ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆಯನ್ನು ನನ್ನಂಥ ಮಾತ್ರೆಯ ಜೊತೆ ತೆಗೆದುಕೊಂಡರೆ ಜೀವಕ್ಕೇ ಕುತ್ತಾಗಬಹುದು. ಅಶ್ವಗಂಧವೂ ಥೈರಾಯ್ಡ್ ಇರುವವರಿಗೆ ಕೇಳದೇ ಹಿಡಿಯುವ ವಸ್ತುವಲ್ಲ. ನಮ್ಮ ಕಡೆಯ ಮನೆಮದ್ದು ಇನ್ನೊಂದಿದೆ. ‘ಒಂದು ಪೆಗ್ ಹಾಕಿ ಮಲಗು, ಸರಿ ಹೋಗುತ್ತೆ.’ ಎಷ್ಟು ಗಂಡಸರ ಖಿನ್ನತೆ ಆ ಗ್ಲಾಸಿನ ಹಿಂದೆ ಕಾಣದೇ ಉಳಿದುಹೋಗಿದೆಯೋ. ಕುಡಿತ ನಿದ್ದೆ ಬರಿಸುತ್ತದೆ, ರಾತ್ರಿ ಮೂರಕ್ಕೆ ಎಬ್ಬಿಸುತ್ತದೆ, ಬೆಳಿಗ್ಗೆ ಮನಸ್ಸನ್ನು ಇನ್ನೂ ಕೆಳಗೆ ತಳ್ಳುತ್ತದೆ.

ನನ್ನ ತರಗತಿ ಶುರುವಾದದ್ದು 2020ರ ಡಿಸೆಂಬರಿನಲ್ಲಿ, ಆನ್‌ಲೈನ್. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮೇಲಿನ ತಿರುವಿನಲ್ಲಿ ಸಿಗುತ್ತದೆ. ಶನಿವಾರ ಸಂಜೆ ಜೀಪು ತೆಗೆದುಕೊಂಡು ಹೋಗಿ ಅಲ್ಲಿ ನಿಲ್ಲಿಸಿಕೊಂಡು ಕೂರುತ್ತಿದ್ದೆ. ಮೊದಲ ದಿನ ಎಲ್ಲರಿಗೂ ಒಂದು ಒಣದ್ರಾಕ್ಷಿ ಹಿಡಿದುಕೊಳ್ಳಲು ಹೇಳಿದರು. ಲೋಕದಲ್ಲೆಲ್ಲ ಈ ಪಾಠ ಒಣದ್ರಾಕ್ಷಿಯಿಂದಲೇ ಶುರುವಾಗುತ್ತದಂತೆ. ನನ್ನ ಹತ್ತಿರ ಇರಲಿಲ್ಲ. ಜೀಪಿನಲ್ಲಿ ತೋಟದ ಕಿತ್ತಳೆ ಇತ್ತು. ಅದನ್ನೇ ಹಿಡಿದೆ. ನಮ್ಮ ಕೊಡಗಿನ ಕಿತ್ತಳೆ ನೋಡಿದವರಿಗೆ ಗೊತ್ತು, ಸಿಪ್ಪೆ ಸಡಿಲ, ಮೈ ಮೇಲೆ ಹಸಿರು ಹಳದಿ ಎರಡೂ. ಒಂದು ಕಾಲಕ್ಕೆ ಕಾಫಿಯ ನಡುವೆ ಎಲ್ಲೆಲ್ಲೂ ಇತ್ತು, ರೋಗ ಬಂದು ಈಗ ಅಲ್ಲೊಂದು ಇಲ್ಲೊಂದು ಮರ. ಸಿಪ್ಪೆಗೆ ಉಗುರು ತಾಗಿದಾಗ ಸಣ್ಣಗೆ ಎಣ್ಣೆ ಚಿಮ್ಮಿದ್ದು ಕಂಡಿತು. ಇಪ್ಪತ್ತು ವರ್ಷದಿಂದ ಆ ಮರದ ಹಣ್ಣು ತಿಂದಿದ್ದೇನೆ. ಅದು ಚಿಮ್ಮುವುದನ್ನು ನೋಡಿರಲಿಲ್ಲ. ಇದರಲ್ಲಿ ಏನು ಚಿಕಿತ್ಸೆ ಅಂತ ಕೇಳಬಹುದು. ಆ ಹತ್ತು ನಿಮಿಷ ನನ್ನ ಮನಸ್ಸು ಹಟ್ಟಿಹೊಳೆಗೆ ಹೋಗಿರಲಿಲ್ಲ. ಹೋಗಬೇಡ ಅಂತ ನಾನು ತಡೆದೂ ಇರಲಿಲ್ಲ.

ಎಲ್ಲ ವಾರವೂ ಹೀಗೆ ಚೆಂದವಿರಲಿಲ್ಲ. ಕಾಲಿನ ಬೆರಳಿನಿಂದ ತಲೆಯವರೆಗೆ ಮೈಯನ್ನೆಲ್ಲ ಗಮನಿಸುತ್ತಾ ಹೋಗುವ ಅಭ್ಯಾಸದಲ್ಲಿ ನಾಲ್ಕು ದಿನ ನಿದ್ದೆ ಹೋದೆ, ಎರಡು ದಿನ ಸಿಟ್ಟು ಬಂತು. ನಾಲ್ಕನೇ ವಾರ ‘ಸದ್ದುಗಳಿಗೆ ಕಿವಿ ಕೊಡಿ’ ಅಂದರು. ಅದು ಜನವರಿ. ಮಳೆಯ ಕಾಲವಲ್ಲ. ಆದರೂ ಆ ವಾರ ಅಕಾಲಿಕ ಮಳೆ ಬಂತು, ಕಣದಲ್ಲಿ ಹರವಿದ್ದ ಕಾಫಿ ಎಲ್ಲ ತೋಯ್ದಿತ್ತು. ಕಣ್ಣು ಮುಚ್ಚಿ ಕೂತ ಹೊತ್ತಿಗೆ ಸರಿಯಾಗಿ ಜೀಪಿನ ಮೇಲೆ ಟಪಟಪ ಶುರುವಾಯಿತು. ಎದೆ ಹಿಡಿದುಕೊಂಡಿತು. ಉಸಿರಿಗೆ ಹೋದರೆ ಉಸಿರೇ ಸಿಗುತ್ತಿಲ್ಲ.

ಕಲಿಸುವವರು ಸ್ಕ್ರೀನಿನಲ್ಲಿ ನನ್ನ ಮುಖ ನೋಡಿದರು. ‘ಕಣ್ಣು ತೆರೆಯಿರಿ. ಉಸಿರನ್ನು ಬಿಡಿ. ಪಾದ ಎಲ್ಲಿದೆ? ಒತ್ತಿ. ಕೈಗೆ ಏನು ಸಿಗುತ್ತೆ, ಗಟ್ಟಿಯಾಗಿ ಹಿಡಿಯಿರಿ’ ಅಂದರು. ಸ್ಟೇರಿಂಗ್ ಹಿಡಿದೆ. ದೊಡ್ಡ ಪೆಟ್ಟು ತಿಂದವರಿಗೆ ಕಣ್ಣು ಮುಚ್ಚಿ ಉಸಿರು ಗಮನಿಸುವುದು ಕೆಲವೊಮ್ಮೆ ಗಾಬರಿಯನ್ನು ಜಾಸ್ತಿ ಮಾಡುತ್ತದೆ, ಅವರು ಪಾದದಿಂದಲೋ ಕೈಯಿಂದಲೋ ಶುರು ಮಾಡಬೇಕು ಅಂತ ಅವರು ಆಮೇಲೆ ವಿವರಿಸಿದರು. ರೆಸಾರ್ಟಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಧ್ಯಾನದಿಂದ ಯಾರಿಗೂ ತೊಂದರೆಯಿಲ್ಲ ಅನ್ನುವವರನ್ನು ನಾನು ಈಗ ನಂಬುವುದಿಲ್ಲ. ಕೆಲಸ ಮಾಡುವ ಯಾವ ಮದ್ದಿಗಾದರೂ ಅಳತೆ ಬೇಕೇ ಬೇಕು.

ಆರನೇ ವಾರದ ಪಾಠದಲ್ಲಿ ನನಗೆ ಜಗಳವೇ ಆಯಿತು. ‘ಯೋಚನೆಗಳು ಬರೀ ಯೋಚನೆಗಳು, ಅವು ನಿಜವಲ್ಲ’ ಅನ್ನುವುದು ಆ ವಾರದ ವಿಷಯ. ನಾನು ಕೇಳಿಯೇಬಿಟ್ಟೆ. ‘ಗುಡ್ಡ ಬೀಳುತ್ತದೆ ಅಂತ ನನಗೆ ಯೋಚನೆ ಬರುತ್ತದೆ. ನಮ್ಮಲ್ಲಿ ಗುಡ್ಡ ನಿಜವಾಗಿಯೂ ಬೀಳುತ್ತದೆ. 2018ರಲ್ಲಿ ಬಿತ್ತು, 2019ರಲ್ಲಿ ತೋರದಲ್ಲಿ ಬಿತ್ತು, 2020ರಲ್ಲಿ ತಲಕಾವೇರಿಯಲ್ಲಿ ಬಿತ್ತು. ಇದು ನಿಜವಲ್ಲ ಅಂತ ನಾನು ಹೇಗೆ ಅಂದುಕೊಳ್ಳಲಿ?’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಈಗ ಹೊರಗೆ ಎಷ್ಟು ಮಳೆ ಬರುತ್ತಿದೆ?’ ಅಂತ ಕೇಳಿದರು. ನೋಡಿದೆ. ಮಳೆಯೇ ಇರಲಿಲ್ಲ. ಬಿಸಿಲಿತ್ತು. ನಾನು ಬೆವರುತ್ತಿದ್ದೆ.

ಅವತ್ತು ಮನೆಗೆ ಬಂದು ಮಾವನ ಡೈರಿಗಳನ್ನೆಲ್ಲ ಇಳಿಸಿಕೊಂಡು ಕೂತೆ. ಮೂವತ್ತಕ್ಕೂ ಹೆಚ್ಚು ವರ್ಷದ ಮಳೆ. ಪ್ರತಿ ಜುಲೈ, ಪ್ರತಿ ಆಗಸ್ಟ್. ಒಂದೊಂದು ದಿನ 40 ಸೆಂಟ್, ಒಂದೊಂದು ದಿನ 4 ಇಂಚು. ನನ್ನ ಮೈಗೆ ಮಾತ್ರ ಎಲ್ಲ ಮಳೆಯೂ 2018ರ ಮಳೆ. ತುಂತುರೂ ಅದೇ, ಜಡಿಮಳೆಯೂ ಅದೇ. ಹೆದರಿಕೆ ತಪ್ಪಲ್ಲ. ನಮ್ಮಂಥ ಕಡೆ ಬದುಕುವವರಿಗೆ ಅದು ಬೇಕು. ಆದರೆ ಹೆದರಿಕೆಗೆ ಅಳತೆ ಗೊತ್ತಿಲ್ಲ. ಗಮನಕ್ಕೆ ಗೊತ್ತು. ಮಾವ, ಯಜಮಾನರು, ನಾನು ಮೂವರೂ ಕೂತು ಒಂದು ತೀರ್ಮಾನ ಮಾಡಿದೆವು. ಮೂರು ದಿನ ಸೇರಿ ಇಷ್ಟು ಇಂಚು ದಾಟಿದರೆ, ಅಥವಾ ಮನೆ ಹಿಂದಿನ ಬರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ಗೋಡೆಯಲ್ಲಿ, ಬಿರುಕು ಕಂಡರೆ, ಅಥವಾ ಜಿಲ್ಲಾಡಳಿತ ಹೇಳಿದರೆ, ಒಂದು ಮಾತೂ ಆಡದೇ ಕುಶಾಲನಗರದ ನಾದಿನಿ ಮನೆಗೆ ಹೊರಡುವುದು. ಬ್ಯಾಗ್ ಬಾಗಿಲ ಹಿಂದೆ ಇರಲಿ. ಅಲ್ಲಿಯವರೆಗೆ ಮಳೆ ಮಳೆಯೇ. ಈ ಕಾಗದ ಫ್ರಿಜ್ಜಿನ ಮೇಲೆ ಅಂಟಿಸಿದ ರಾತ್ರಿ ನಾನು ಎಷ್ಟೋ ಕಾಲದ ಮೇಲೆ ಆರು ಗಂಟೆ ನಿದ್ದೆ ಮಾಡಿದೆ.

ಏಳನೇ ವಾರ ಇಂಥದ್ದೇ ಇನ್ನೊಂದು ಪಟ್ಟಿ ಬರೆಸಿದರು, ಖಿನ್ನತೆ ಮರಳಿ ಬರುವ ಮೊದಲ ಗುರುತುಗಳದು. ಅದು ಪ್ರತಿಯೊಬ್ಬರಿಗೂ ಬೇರೆ. ನನ್ನವು ಇವು: ಒಲೆಯ ಮುಂದೆ ನಿಂತೇ ಹಾಲು ಉಕ್ಕಿಸುವುದು, ಪಕ್ಕದ ಮನೆಯವರು ಕರೆದರೂ ಕೇಳಿಸದ ಹಾಗೆ ಒಳಗೆ ಹೋಗುವುದು, ಮಕ್ಕಳ ನೋಟ್‌ಬುಕ್ ತಿದ್ದದೇ ಮೇಜಿನ ಮೇಲೆ ರಾಶಿ ಬೀಳುವುದು. ಇದರಲ್ಲಿ ಎರಡು ಒಂದೇ ವಾರ ಕಂಡರೆ ಯಜಮಾನರು ನನ್ನನ್ನು ಕೇಳದೇ ವೈದ್ಯರಿಗೆ ಫೋನ್ ಮಾಡಬೇಕು ಅಂತ ನಾನೇ ಬರೆದುಕೊಟ್ಟಿದ್ದೇನೆ. ಒಮ್ಮೆ ಮಾಡಿದ್ದಾರೆ ಕೂಡ.

ಮಾವನ ವಿಷಯ ಹೇಳಬೇಕು. ಅಭ್ಯಾಸದ ಆಡಿಯೋವನ್ನು ನಾನು ನಡುಮನೆಯಲ್ಲಿ ಮಲಗಿ ಹಾಕಿಕೊಳ್ಳುತ್ತಿದ್ದೆ. ಅವರು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ‘ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ?’ ಅಂತ ಒಂದು ದಿನ ಕೇಳಿದರು. ಯೋಚನೆ ಮಾಡಿ ‘ಸಾವಧಾನ ಅನ್ನಬಹುದು ಮಾವ’ ಅಂದೆ. ಅವರಿಗೆ ಆಶ್ಚರ್ಯವಾಯಿತು. ‘ಸಾವಧಾನ್ ಅಂದರೆ ನಮಗೆ ಹಿಮ್ಮಡಿ ಜೋಡಿಸಿ ಎದೆ ಸೆಟೆಸಿ ನಿಲ್ಲೋದು’ ಅಂದರು. ಪದ ಒಂದೇ. ಪರೇಡಿನ ಹಿಂದಿಯಲ್ಲಿ ಅದು ಮೈ ಬಿಗಿಯುವುದು. ನಮ್ಮಲ್ಲಿ ‘ಸಾವಧಾನವಾಗಿ ಮಾಡು’ ಅಂದರೆ ಅವಸರ ಬೇಡ ಅಂತ. ಎರಡರ ಒಳಗೂ ಇರುವುದು ಅವಧಾನ, ಅಂದರೆ ಗಮನ. ಬಿಗಿಯದೇ ಗಮನ ಕೊಡಲು ಬರುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲವೇನೋ. ಬೌದ್ಧರ ಪಾಳಿ ಭಾಷೆಯಲ್ಲಿ ಇದಕ್ಕೆ ಸತಿ ಅನ್ನುತ್ತಾರೆ, ನಮ್ಮ ಸ್ಮೃತಿಯೇ ಅದು. ಅದನ್ನು ಇಂಗ್ಲಿಷಿನವರು ಮೈಂಡ್‌ಫುಲ್‌ನೆಸ್ ಅಂತ ಮಾಡಿಕೊಂಡದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಕುಶಾಲನಗರದಿಂದ ಕಾವೇರಿ ಸೇತುವೆ ದಾಟಿದರೆ ಬೈಲುಕುಪ್ಪೆಯಲ್ಲಿ ಆ ಪರಂಪರೆಯವರೇ ಸಾವಿರಾರು ಜನ ಇದ್ದಾರೆ. ಅವರಿಗೆ ಅದು ಮದ್ದಲ್ಲ, ಇಡೀ ಬದುಕು. ನಾವು ಅದರಿಂದ ಒಂದು ಎಳೆ ತೆಗೆದುಕೊಂಡಿದ್ದೇವೆ ಅನ್ನುವುದನ್ನು ಮರೆಯಬಾರದು ಅಂತ ನನಗೆ ಅನ್ನಿಸುತ್ತದೆ.

ಅದಾಗಿ ಒಂದು ತಿಂಗಳಿಗೆ, ಊಟ ಮಾಡುತ್ತಾ, ತಟ್ಟೆಯಿಂದ ಕಣ್ಣೆತ್ತದೇ ಮಾವ ಕೇಳಿದರು. ‘ಎಡಗಾಲಿನ ಹೆಬ್ಬೆರಳಿಂದ ತಾನೇ ಶುರು ಮಾಡೋದು?’ ಅವರು ರಾತ್ರಿ ಮಲಗುವುದಿಲ್ಲ ಅಂತ ಅತ್ತೆ ಇದ್ದಾಗ ಹೇಳುತ್ತಿದ್ದರು. ಯಾಕೆ, ಯಾವ ಗಡಿಯ ಯಾವ ರಾತ್ರಿ, ಯಾರಿಗೂ ಹೇಳಿಲ್ಲ. ನಾನೂ ಕೇಳಲಿಲ್ಲ. ‘ಹೌದು ಮಾವ, ಎಡಗಾಲಿಂದ’ ಅಂದೆ. ಆಡಿಯೋವನ್ನು ಅವರ ಫೋನಿಗೂ ಹಾಕಿಕೊಟ್ಟೆ.

ಇಷ್ಟೆಲ್ಲ ನನಗೆ ಸಿಕ್ಕಿತು. ಜೀಪಿತ್ತು, ಸಂಬಳವಿತ್ತು, ಮನೆಯವರಿದ್ದರು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆ ಇರುವ ನೂರರಲ್ಲಿ 70ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ನಮ್ಮ ತೋಟದ ಕೆಲಸದವರ ಲೈನ್ ಮನೆಯಲ್ಲಿರುವ ಅಕ್ಕ ಒಬ್ಬರು ವರ್ಷದಿಂದ ‘ನಿಶ್ಶಕ್ತಿ, ಹೊಟ್ಟೆಯೊಳಗೆ ಸಂಕಟ’ ಅನ್ನುತ್ತಿದ್ದರು. ದಿನಗೂಲಿಯವರಿಗೆ ಮುಕ್ಕಾಲು ಗಂಟೆ ಕೂರಿ ಅಂದರೆ ಅದು ಅನ್ಯಾಯ. ಅವರಿಗೆ ಮೊದಲು ಬೇಕಿದ್ದದ್ದು ಹೆಸರು. ನಿಮಗಿರುವುದು ಕಾಯಿಲೆ, ಸೋಮಾರಿತನ ಅಲ್ಲ ಅಂತ ಯಾರಾದರೂ ಹೇಳಬೇಕಿತ್ತು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ಜೊತೆಗೆ ಹೋದೆ. ಮಾತ್ರೆ ಶುರುವಾಗಿದೆ. ಸಂಜೆ ಕಣದಲ್ಲಿ ಇಬ್ಬರೂ ಕಾಫಿ ಎಳೆಯುವಾಗ ಮಾತಾಡದೇ ಎಳೆಯುತ್ತೇವೆ, ಕಾಲಿಗೆ ಬಿಸಿ ಸಿಮೆಂಟು ತಾಗುವುದನ್ನು ನೋಡುತ್ತಾ. ಅದು ಅವರ ಅಭ್ಯಾಸ, ನನ್ನದೂ. ಆಸ್ಪತ್ರೆ ದೂರವಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಬಹುದು. ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನುವ ಯೋಚನೆ ಬಂದಿದ್ದರೆ ದಯವಿಟ್ಟು ಈ ಬರಹ ಇಲ್ಲಿಗೇ ಬಿಟ್ಟು ಮೊದಲು ಆ ಫೋನ್ ಮಾಡಿ.

ನಾನು ಇನ್ನೂ ಮಾತ್ರೆ ತೆಗೆದುಕೊಳ್ಳುತ್ತೇನೆ, ಮೊದಲಿನ ಅರ್ಧದಷ್ಟು. ಮಳೆಗಾಲ ಮುಗಿಯದೇ ಇಳಿಸುವುದಿಲ್ಲ ಅಂತ ವೈದ್ಯರು, ನಾನು ಇಬ್ಬರೂ ಒಪ್ಪಿಕೊಂಡಿದ್ದೇವೆ.

2024ರ ಜುಲೈ 30ರ ಬೆಳಿಗ್ಗೆ ವಯನಾಡಿನ ಸುದ್ದಿ ಬಂತು. ಮುಂಡಕ್ಕೈ, ಚೂರಲ್‌ಮಲ. ನಮಗೆ ಪಕ್ಕದ ಜಿಲ್ಲೆ. ಊರಿಗೆ ಊರೇ ಹೋಗಿತ್ತು. ಟಿವಿಯಲ್ಲಿ ಕೆಸರು, ಬಂಡೆ, ಅರ್ಧ ಮನೆ. ನಮ್ಮಲ್ಲೂ ರಾತ್ರಿಯಿಡೀ ಸುರಿದಿತ್ತು. ಎದೆ ಹೊಡೆದುಕೊಳ್ಳಲು ಶುರುವಾದದ್ದು ಗೊತ್ತಾಯಿತು. ಟಿವಿ ಆರಿಸಿದೆ. ಗೋಡೆಗೆ ಕೈ ಇಟ್ಟು ಪಾದ ನೆಲಕ್ಕೆ ಒತ್ತಿ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅಳು ಬಂತು, ಅತ್ತೆ. ಆ ಮಕ್ಕಳಿಗಾಗಿ ಅತ್ತೆ, 2018ಕ್ಕಾಗಿ ಅಲ್ಲ. ಆ ವ್ಯತ್ಯಾಸ ನನಗೆ ತಿಳಿಯಿತು.

ಎಂಟು ಗಂಟೆಯಾಗಿತ್ತು. ಮಾವನಿಗೆ ಈಗ ಕಣ್ಣಿನ ಪೊರೆ, ಗ್ಲಾಸಿನ ಗೆರೆ ಕಾಣುವುದಿಲ್ಲ. ಡೈರಿ ಬಿಡಿಸಿಕೊಂಡು ಜಗಲಿಯಲ್ಲಿ ಕೂತಿದ್ದರು. ನಾನು ಕೊಡೆ ತೆಗೆದುಕೊಂಡು ಅಂಗಳಕ್ಕೆ ಇಳಿದೆ. ಹಿಂದಿನ ಬರೆ ನೋಡಿಕೊಂಡು ಬಂದೆ. ಮಾಪಕದ ನೀರು ಸುರಿದು ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿದೆ. ಕೈ ನಡುಗುತ್ತಿತ್ತು, ನೀರು ನಿಲ್ಲುವವರೆಗೆ ಕಾದೆ.

‘ಎಷ್ಟು ಬಂತಮ್ಮಾ?’

‘ಮೂರು ಇಂಚು, ನಲವತ್ತು ಸೆಂಟ್, ಮಾವ.’

‘ನಲವತ್ತಾ, ನಲವತ್ತೈದಾ?’

ಮತ್ತೊಮ್ಮೆ ಎತ್ತಿ ನೋಡಿದೆ.

‘ನಲವತ್ತೆರಡು.’

ಅವರು ಬರೆದುಕೊಂಡರು.